ಮೂಲಪತ್ರ ನೋಡದೆ ಒಪ್ಪಿಸಿದ ಕೈ

ಚೇರಂಬಾಡಿಯಲ್ಲಿ ವಕೀಲಿ ಮಾಡುವವನ ಆಯುಷ್ಯದ ಬಹುಪಾಲು ಹಳೆಯ ಕಾಗದಗಳನ್ನು ಓದುವುದರಲ್ಲಿಯೇ ಸವೆಯುತ್ತದೆ. ನಮ್ಮ ಪಂದಲೂರು, ಗೂಡಲೂರು ತಾಲೂಕುಗಳ ಭೂಮಿಯ ತೊಡಕು ಈ ಪತ್ರಿಕೆಯ ಓದುಗರಿಗೆ ಹೊಸದೇನಲ್ಲ. ನಿಲಂಬೂರು ಕೋವಿಲಗದ ಜನ್ಮಂ ಭೂಮಿಗಳನ್ನು ಕುರಿತು 1969ರಲ್ಲಿ ತಮಿಳುನಾಡು ಮಾಡಿದ ಕಾಯಿದೆ, ಆಮೇಲೆ ಅದನ್ನು ಸಂವಿಧಾನದ ಒಂಬತ್ತನೆಯ ಅನುಸೂಚಿಗೆ ಸೇರಿಸಿದ್ದು, ಅದರಿಂದ ಹುಟ್ಟಿದ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠದವರೆಗೆ ಏರಿ 2007ರ ಜನವರಿಯಲ್ಲಿ ತೀರ್ಪಾದದ್ದು, ಇವೆಲ್ಲ ಇಲ್ಲಿನ ಚಹಾ ಅಂಗಡಿಗಳಲ್ಲಿ ಕೂಡ ಚರ್ಚೆಯಾಗುವ ಸಂಗತಿಗಳು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಕೊಯೆಲೊ ಪ್ರಕರಣವೆಂದು ಓದುವ ಆ ತೀರ್ಪಿನ ಬೇರು ನಮ್ಮ ಈ ಮಳೆಗುಡ್ಡಗಳ ಮಣ್ಣಿನಲ್ಲಿದೆ.

ಇಂಥ ಸೀಮೆಯಲ್ಲಿ ಐದು ಸೆಂಟು ನೆಲ ಕೊಳ್ಳುವವನೂ ಮೂಲಪತ್ರ ಕೇಳುತ್ತಾನೆ. ಮೂವತ್ತು ವರ್ಷಗಳ ಋಣಭಾರ ಪತ್ರ ತೆಗೆಸುತ್ತಾನೆ. ಮಾರುವವನ ತಂದೆಗೆ ಎಷ್ಟು ಜನ ಹೆಣ್ಣುಮಕ್ಕಳು, ಅವರೆಲ್ಲ ಸಹಿ ಹಾಕಿದ್ದಾರೆಯೇ ಎಂದು ವಿಚಾರಿಸುತ್ತಾನೆ. ಮಾರುವವನು ಇದರಿಂದ ಕೋಪಿಸಿಕೊಳ್ಳುವುದಿಲ್ಲ. ಕೇಳದಿದ್ದರೇ ಅವನಿಗೆ ಅನುಮಾನ ಬರುತ್ತದೆ. ಈ ಕೆಲಸವನ್ನು ನಾನು ಇಪ್ಪತ್ತು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಆದರೆ ನನ್ನ ತಂದೆಯ ಕೈ ಮುರಿದ ದಿನ, ಅದನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇನೆ ಎಂದು ನಾನು ಕೇಳಲಿಲ್ಲ. ಆ ಸಂಗತಿಯನ್ನು ಇಷ್ಟು ದಿನ ಬರೆದಿರಲಿಲ್ಲ. ಕಳೆದ ಆಷಾಢದಲ್ಲಿ ನನ್ನ ತಾಯಿ ಬಿದ್ದ ಮೇಲೆ ಬರೆಯಬೇಕೆನಿಸಿತು.

ನನ್ನ ಅಜ್ಜ ಗುಂಡ್ಲುಪೇಟೆಯ ಕಡೆಯಿಂದ ಚಹಾ ತೋಟದ ಕೂಲಿಗೆ ಬಂದವರು. ತಂದೆ ಅದೇ ತೋಟದಲ್ಲಿ ಎಲೆ ತೂಗುವ ಗುಮಾಸ್ತರಾದರು. ತಮಿಳು, ಮಲಯಾಳಗಳ ನಡುವೆ ಬದುಕಿದರೂ ತಮ್ಮ ಸಹಿಯನ್ನು ಮಾತ್ರ ಅವರು ಕೊನೆಯವರೆಗೂ ಕನ್ನಡದಲ್ಲಿಯೇ ಹಾಕಬೇಕೆಂದು ಹಟ ಹಿಡಿದಿದ್ದರು. ದಿನವೂ ಸಂಜೆ ತೂಕದ ಪುಸ್ತಕದ ಕೆಳಗೆ ಪೂರ್ತಿ ಹೆಸರು ಬರೆದು, ಕೊನೆಯ ಅಕ್ಷರದ ಕೊಂಬನ್ನು ಉದ್ದಕ್ಕೆ ಎಳೆಯುತ್ತಿದ್ದರು. ಒಬ್ಬ ಮ್ಯಾನೇಜರು ಅದನ್ನು ಇಂಗ್ಲಿಷಿನಲ್ಲಿ ಹಾಕಲು ಹೇಳಿದಾಗ, ಸಂಬಳ ಯಾವ ಭಾಷೆಯಲ್ಲಾದರೂ ಕೊಡಿ, ಹೆಸರು ಮಾತ್ರ ನನ್ನದೇ ಅಂದರಂತೆ.

ನಾನು ವಕೀಲಿ ಆರಂಭಿಸಿದ ಮೊದಲ ವರ್ಷಗಳವು. ಮಳೆಗಾಲದ ಒಂದು ಬೆಳಿಗ್ಗೆ ತಂದೆ ಪಾಚಿಗಟ್ಟಿದ ಮೆಟ್ಟಿಲಿನಲ್ಲಿ ಜಾರಿ ಬಲಗೈ ಊರಿ ಬಿದ್ದರು. ಮುಂಗೈಯ ಎರಡೂ ಮೂಳೆಗಳು ಮುರಿದವು. ಗಡಿಯ ಸಮೀಪದ ಒಂದು ಪೇಟೆಯಲ್ಲಿ ಮೂಳೆ ಮುರಿತಕ್ಕೆ ಹೆಸರಾದ ಒಬ್ಬರಿದ್ದಾರೆಂದು ನೆರೆಯವರು ಹೇಳಿದರು. ಜೀಪು ಹತ್ತಿಸಿಕೊಂಡು ಹೋದೆ. ಫಲಕದಲ್ಲಿ ಹೆಸರಿನ ಹಿಂದೆ 'ಡಾ.' ಇತ್ತು, ಮುಂದೆ ನಾಲ್ಕಾರು ಇಂಗ್ಲಿಷ್ ಅಕ್ಷರಗಳಿದ್ದವು, ಕೆಳಗೆ 'ಮೂಳೆ ತಜ್ಞ' ಎಂದಿತ್ತು. ಇಪ್ಪತ್ತು ಜನ ಸಾಲಿನಲ್ಲಿ ಕುಳಿತಿದ್ದರು. ಆ ಇಪ್ಪತ್ತು ಜನರೇ ನನಗೆ ಸಾಕ್ಷಿಯಾದರು. ಆತ ಕೈ ಎಳೆದು, ತೈಲ ಹಚ್ಚಿ, ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದರು. ಬಿಗಿ ಇದ್ದಷ್ಟೂ ಬೇಗ ಕೂಡುತ್ತದೆ ಎಂದರು.

ಆ ರಾತ್ರಿ ತಂದೆ ನಿದ್ದೆ ಮಾಡಲಿಲ್ಲ. ಬೆರಳುಗಳು ಬಾತು ನೀಲಿಗಟ್ಟಿದವು. ಬೆರಳನ್ನು ಸ್ವಲ್ಪ ನೇರ ಮಾಡಿದರೂ ಚೀರುತ್ತಿದ್ದರು. ಬೆಳಿಗ್ಗೆ ಫೋನು ಮಾಡಿದರೆ, ನೋವು ಸಹಜ, ಕಟ್ಟು ಬಿಚ್ಚಬೇಡಿ ಎಂಬ ಉತ್ತರ ಬಂತು. ಮೂರನೆಯ ದಿನ ದೊಡ್ಡ ಆಸ್ಪತ್ರೆಗೆ ಹೋದಾಗ ಅಲ್ಲಿನ ವೈದ್ಯರು ಕಟ್ಟನ್ನು ಕತ್ತರಿಸಿ, ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಬಿಗಿದ ಕಟ್ಟಿನೊಳಗೆ ಬಾವು ಬೆಳೆದು ಸ್ನಾಯುಗಳಿಗೆ ರಕ್ತ ನಿಂತುಹೋಗಿತ್ತು. ಹಾಗೆ ರಕ್ತ ನಿಂತರೆ ಸ್ನಾಯು ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತದೆ, ಸತ್ತ ಸ್ನಾಯು ಕುಗ್ಗಿ ಬೆರಳುಗಳನ್ನು ಒಳಕ್ಕೆ ಎಳೆದುಬಿಡುತ್ತದೆ. ಫೋಲ್ಕ್‌ಮನ್ ಎಂಬ ಜರ್ಮನ್ ಶಸ್ತ್ರವೈದ್ಯರು 1881ರಲ್ಲಿಯೇ ಇದನ್ನು ವಿವರಿಸಿದ್ದರಿಂದ ಈ ಊನಕ್ಕೆ ಅವರದೇ ಹೆಸರಿದೆ ಎಂದು ಆ ವೈದ್ಯರು ಹೇಳಿದರು. ಅಂದರೆ ವೈದ್ಯಶಾಸ್ತ್ರ ಓದಿದ ಯಾರಿಗೂ ಅದು ತಿಳಿಯದ ವಿಷಯವಲ್ಲ. ಓದುಗರು ಇದೊಂದನ್ನಾದರೂ ನೆನಪಿಟ್ಟುಕೊಳ್ಳಬೇಕು: ಪಟ್ಟಿ ಹಾಕಿದ ಮೇಲೆ ನೋವು ಇಳಿಯದೆ ಏರುತ್ತ ಹೋದರೆ, ಬೆರಳು ಮರಗಟ್ಟಿದರೆ, ಬಣ್ಣ ಬದಲಾದರೆ, ನೇರ ಮಾಡಲು ಹೋದಾಗ ಪ್ರಾಣ ಹೋಗುವಂಥ ನೋವಾದರೆ, ಬೆಳಗಾಗಲಿ ಎಂದು ಕಾಯಬಾರದು.

ತಂದೆಯ ಬೆರಳುಗಳು ಹಕ್ಕಿಯ ಉಗುರಿನಂತೆ ಮಡಿಸಿಕೊಂಡವು. ಆಮೇಲೆ ನಾನು ವಿಚಾರಿಸಿದೆ. ಆ ವ್ಯಕ್ತಿಯ ಹೆಸರು ಯಾವ ವೈದ್ಯಕೀಯ ಪರಿಷತ್ತಿನ ಪುಸ್ತಕದಲ್ಲಿಯೂ ಇರಲಿಲ್ಲ. ಹೆಸರಿನ ಮುಂದಿದ್ದ ಅಕ್ಷರಗಳು ಯಾವುದೋ ಖಾಸಗಿ ಸಂಘದ ಪ್ರಮಾಣಪತ್ರದವು. ಕಾನೂನು ನನಗೆ ಗೊತ್ತಿತ್ತು. ವೈದ್ಯಸೇವೆಯೂ ಗ್ರಾಹಕ ಸಂರಕ್ಷಣಾ ಕಾಯಿದೆಯೊಳಗೆ ಬರುತ್ತದೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. 1996ರ ಪೂನಂ ವರ್ಮಾ ಪ್ರಕರಣದಲ್ಲಿ, ತಾನು ಓದದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವವನು ನಕಲಿ ವೈದ್ಯನೇ ಎಂದು ತೀರ್ಮಾನವಾಗಿ, ಮೃತನ ಹೆಂಡತಿಗೆ ಮೂರು ಲಕ್ಷ ರೂಪಾಯಿ ಪರಿಹಾರ ದೊರೆತಿತ್ತು. ಕಾಲೇಜಿನಲ್ಲಿ ಈ ತೀರ್ಪನ್ನು ಓದಿ ಪರೀಕ್ಷೆಯಲ್ಲಿ ಉತ್ತರ ಬರೆದವನು ನಾನು. ದೂರು ಕೊಡೋಣವೆಂದರೆ ತಂದೆ ಒಪ್ಪಲಿಲ್ಲ. "ಅವನೇನು ನಮ್ಮನ್ನ ಕರೆದನೇ? ನಾವಾಗೇ ಹೋದೆವು" ಎಂದರು. ಗ್ರಾಹಕ ವೇದಿಕೆಗೆ ಹೋಗಲು ಎರಡು ವರ್ಷಗಳ ಕಾಲಮಿತಿ. ತಂದೆಯ ಮನಸ್ಸು ಬದಲಾಗಲಿ ಎಂದು ಕಾಯುತ್ತ ಆ ಎರಡು ವರ್ಷಗಳೂ ಕಳೆದವು.

ಕಳೆದ ಆಷಾಢದ ಮಾತಿಗೆ ಬರುತ್ತೇನೆ. ತಾಯಿಗೆ ಈಗ ಎಪ್ಪತ್ತನಾಲ್ಕು. ಸಂಜೆ ನಾಲ್ಕರ ಹೊತ್ತಿಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದರು. ಏಳಲಾಗಲಿಲ್ಲ. ಬಲಗಾಲು ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಗಿದಂತೆ ಕಾಣುತ್ತಿತ್ತು. ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದ ಕಿರಿಯ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು: ತೊಡೆಯ ಮೂಳೆಯ ಕತ್ತು ಮುರಿದಿದೆ, ಈ ವಯಸ್ಸಿನಲ್ಲಿ ಅದು ತಾನಾಗಿ ಕೂಡುವ ಭರವಸೆಯಿಲ್ಲ, ಶಸ್ತ್ರಚಿಕಿತ್ಸೆ ಬೇಕು, ಸಾಧ್ಯವಾದರೆ ಎರಡು ದಿನಗಳೊಳಗೆ ಆಗಬೇಕು, ನಮ್ಮಲ್ಲಿ ಆಗುವುದಿಲ್ಲ. ಹಾಸಿಗೆ ಹಿಡಿದ ಮುದುಕರಿಗೆ ಮುರಿತಕ್ಕಿಂತ ಆಮೇಲೆ ಬರುವ ನ್ಯುಮೋನಿಯ, ಹಾಸಿಗೆ ಹುಣ್ಣು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವಿಕೆ, ಇವೇ ಮೃತ್ಯುವಾಗುತ್ತವೆ ಎಂದೂ ಹೇಳಿದರು.

ಒಂದು ಗಂಟೆಯೊಳಗೆ ಮನೆಯ ತುಂಬ ಸಲಹೆಗಳಾದವು. ಒಬ್ಬರು ಆಂಧ್ರದ ಪುತ್ತೂರಿನ ಕಟ್ಟಿನ ಮಹಿಮೆ ಹೇಳಿದರು. ಇನ್ನೊಬ್ಬರು ವಯನಾಡಿನ ಕಡೆ ತೈಲ ತಿಕ್ಕಿ ಸರಿ ಮಾಡುವವರಿದ್ದಾರೆ ಎಂದರು. ಪಾರಂಪರಿಕ ವೈದ್ಯರನ್ನು ನಾನು ಹಳಿಯುವವನಲ್ಲ. ಆಸ್ಪತ್ರೆಯೇ ಇಲ್ಲದ ಕಾಲದಲ್ಲಿ ನಮ್ಮ ಕಾಡಿನ ಜನರನ್ನು ಉಳಿಸಿದವರು ಅವರು. ಆದರೆ ಅಂಗೀಕೃತ ಅರ್ಹತೆಯೂ ನೋಂದಣಿಯೂ ಇಲ್ಲದೆ ವೈದ್ಯವೃತ್ತಿ ನಡೆಸುವ ಹಕ್ಕು ಪಾರಂಪರಿಕರಿಗೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಕೇರಳದ್ದೇ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ. ಅದಕ್ಕಿಂತ ಮಿಗಿಲಾಗಿ, ನನ್ನ ಕಣ್ಣ ಮುಂದೆ ತಂದೆಯ ಕೈ ಇತ್ತು.

ಸೋದರಮಾವನ ಮಗ ಬೇರೊಂದು ಆಸ್ಪತ್ರೆಯ ಹೆಸರು ಹೇಳಿದ. ಅಲ್ಲಿಗೆ ವಾರಕ್ಕೆ ಎರಡು ಬಾರಿ ಹೊರಗಿನಿಂದ ಮೂಳೆಯ ಶಸ್ತ್ರವೈದ್ಯರೊಬ್ಬರು ಬರುತ್ತಾರೆ, ಫೋನು ಮಾಡಿದರೆ ನಾಳೆಯೇ ಬಂದು ಮಾಡುತ್ತಾರೆ ಎಂದ. ಫೋನು ಮಾಡಿದೆ. ವೈದ್ಯರ ನೋಂದಣಿ ಸಂಖ್ಯೆಯನ್ನೂ, ಯಾವ ರಾಜ್ಯದ ಪರಿಷತ್ತಿನದೆಂಬುದನ್ನೂ ಕೇಳಿದೆ. ಆ ಕಡೆ ಇದ್ದವರು ಅಂಥ ಪ್ರಶ್ನೆಯನ್ನು ಮೊದಲ ಬಾರಿ ಕೇಳಿದಂತಿತ್ತು. "ನಂಬಿಕೆ ಇಲ್ಲದಿದ್ದರೆ ಬೇರೆ ಕಡೆ ಕರೆದುಕೊಂಡು ಹೋಗಿ" ಎಂದು ಫೋನಿಟ್ಟರು. ಬರಿಯ ಹೆಸರು ಹಿಡಿದು ಪಟ್ಟಿಯಲ್ಲಿ ಹುಡುಕಿದರೆ ಅದೇ ಹೆಸರಿನವರು ಹಲವರು. ಅವರಲ್ಲಿ ನನಗೆ ಬೇಕಾದವರು ಯಾರೆಂದು ತಿಳಿಯುವ ದಾರಿಯಿರಲಿಲ್ಲ. ಆ ವೈದ್ಯರು ಒಳ್ಳೆಯ ನುರಿತ ತಜ್ಞರೇ ಇರಬಹುದು. ಸಂಖ್ಯೆ ಕೊಡದಿದ್ದ ಮಾತ್ರಕ್ಕೆ ಅವರನ್ನು ಸುಳ್ಳು ವೈದ್ಯರೆನ್ನುವುದು ಅನ್ಯಾಯ. ಆದರೆ ಮೂಲಪತ್ರ ತೋರಿಸದವನ ಭೂಮಿಯನ್ನು ನನ್ನ ಕಕ್ಷಿದಾರನಿಗೆ ಕೊಳ್ಳು ಎಂದು ನಾನು ಹೇಳುವುದಿಲ್ಲ.

ಫೋನಿಟ್ಟವರ ಸಿಟ್ಟು ನನಗೆ ಅರ್ಥವಾಗದ್ದೇನಲ್ಲ. ವಕೀಲರ ಪದವಿ ಪತ್ರಗಳನ್ನೂ ವೃತ್ತಿಸ್ಥಳವನ್ನೂ ಪರಿಶೀಲಿಸಲು ಭಾರತೀಯ ವಕೀಲರ ಪರಿಷತ್ತು 2015ರಲ್ಲಿ ನಿಯಮ ತಂದಾಗ ನನಗೂ ಅಂಥದೇ ಸಿಟ್ಟು ಬಂದಿತ್ತು. ಇಷ್ಟು ವರ್ಷ ಕರಿ ಕೋಟು ತೊಟ್ಟು ನಿಂತವನನ್ನು ಈಗ ನೀನು ಓದಿದ್ದು ನಿಜವೇ ಎಂದು ಕೇಳುವುದೇ ಎಂದು ಸಹೋದ್ಯೋಗಿಗಳೊಡನೆ ಗೊಣಗಿದ್ದೆ. ಆಮೇಲೆ ಪೆಟ್ಟಿಗೆ ತೆಗೆದು ಮೈಸೂರಿನ ಎಲ್‌ಎಲ್‌ಬಿ ಪತ್ರವನ್ನೂ ಅಂಕಪಟ್ಟಿಗಳನ್ನೂ ಹುಡುಕುವಾಗ ಬೇರೊಂದು ವಿಚಾರ ಹೊಳೆಯಿತು. ನನ್ನ ಬಳಿ ಬಂದ ಒಬ್ಬ ಕಕ್ಷಿದಾರನೂ ಇದುವರೆಗೆ ಅದನ್ನು ಕೇಳಿರಲಿಲ್ಲ. ಕರಿ ಕೋಟನ್ನು ನೋಡಿಯೇ ತಮ್ಮ ಮನೆ, ತೋಟ, ಮಕ್ಕಳ ಪಾಲು ಎಲ್ಲವನ್ನೂ ನನ್ನ ಮೇಜಿನ ಮೇಲೆ ಇಟ್ಟಿದ್ದರು.

ಆ ರಾತ್ರಿ ತಾಯಿಗೆ ನೋವಿನ ಸೂಜಿ ಕೊಟ್ಟು ಮಲಗಿಸಿದ ಮೇಲೆ ಮೈಸೂರಿನಲ್ಲಿರುವ ಕಾಲೇಜು ಗೆಳೆಯನಿಗೆ ಫೋನು ಮಾಡಿದೆ. ಹಿಂದಿನ ವರ್ಷ ಅವನ ಅತ್ತೆಗೆ ಇದೇ ಬಗೆಯ ಮುರಿತವಾಗಿ ಶಸ್ತ್ರಚಿಕಿತ್ಸೆಯಾಗಿತ್ತು. ಅವರು ಈಗ ನಡೆದಾಡುತ್ತಿದ್ದಾರೆಂದೂ ಹೇಳಿದ. ಹಳೆಯ ಔಷಧ ಚೀಟಿಯೊಂದರ ಚಿತ್ರ ಕಳಿಸಲು ಕೇಳಿದೆ. ಚೀಟಿಯ ಅಡಿಯಲ್ಲಿ ವೈದ್ಯರ ಹೆಸರಿನ ಕೆಳಗೆ ನೋಂದಣಿ ಸಂಖ್ಯೆ ಅಚ್ಚಾಗಿತ್ತು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯನ್ನೂ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯನ್ನೂ ನೋಡಿದೆ. ಸಂಖ್ಯೆ, ಹೆಸರು, ತಂದೆಯ ಹೆಸರು, ನೋಂದಣಿಯ ವರ್ಷ, ಎಂಬಿಬಿಎಸ್ ಪದವಿ, ಆಮೇಲೆ ಮೂಳೆ ಶಸ್ತ್ರವೈದ್ಯದಲ್ಲಿ ಎಂಎಸ್, ಕೊಟ್ಟ ವಿಶ್ವವಿದ್ಯಾಲಯ, ಎಲ್ಲವೂ ತಾಳೆಯಾದವು. ಗಡಿಯಾರ ನೋಡಿದೆ. ಹದಿನೈದು ನಿಮಿಷ ಆಗಿತ್ತು. ಒಂದು ಋಣಭಾರ ಪತ್ರಕ್ಕೆ ನಾನು ದಿನಗಟ್ಟಲೆ ಅಲೆದದ್ದುಂಟು.

ಓದುಗರ ಉಪಯೋಗಕ್ಕೆಂದು ಇಲ್ಲಿ ನಾಲ್ಕು ಮಾತು ಬಿಡಿಸಿ ಹೇಳಬೇಕು. ಭಾರತದ ವೈದ್ಯರ ವೃತ್ತಿನಡತೆಯ ನಿಯಮಗಳು 2002ರಲ್ಲಿ ಬಂದವು. ಅವುಗಳ ಪ್ರಕಾರ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿ ಪ್ರದರ್ಶಿಸಬೇಕು, ಔಷಧ ಚೀಟಿ, ಪ್ರಮಾಣಪತ್ರ, ಹಣದ ರಸೀದಿ ಎಲ್ಲದರಲ್ಲಿಯೂ ನಮೂದಿಸಬೇಕು. ಒಂದು ವಿಭಾಗದಲ್ಲಿ ವಿಶೇಷ ಅರ್ಹತೆ ಇಲ್ಲದವರು ಅದರ ತಜ್ಞರೆಂದು ಹೇಳಿಕೊಳ್ಳುವಂತಿಲ್ಲ. ಆದ್ದರಿಂದ ಸಂಖ್ಯೆ ಕೇಳುವುದು ಅವಮಾನವಲ್ಲ, ಚೀಟಿಯ ಮೇಲೆ ಇರಲೇಬೇಕಾದುದನ್ನು ಕೇಳಿದಂತೆ ಅಷ್ಟೇ. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸುವವರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯಡಿ ಒಂದು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇನ್ನು ಹೆಸರಿನ ಮುಂದಿನ ಅಕ್ಷರಗಳು. ಎಂಬಿಬಿಎಸ್ ಎಲ್ಲಕ್ಕೂ ಅಡಿಪಾಯ. ಅದರ ಮೇಲೆ ಮೂರು ವರ್ಷ ಮೂಳೆ ಶಸ್ತ್ರವೈದ್ಯವನ್ನೇ ಓದಿದವರದು ಎಂಎಸ್ ಆರ್ಥೊ ಅಥವಾ ಡಿಎನ್‌ಬಿ ಆರ್ಥೊ. ಹಿಂದಿನ ತಲೆಮಾರಿನ ಎಷ್ಟೋ ಸಮರ್ಥ ವೈದ್ಯರದು ಎರಡು ವರ್ಷಗಳ ಡಿ ಆರ್ಥೊ ಎಂಬ ಡಿಪ್ಲೊಮಾ. ಫೆಲೊಶಿಪ್ ಎಂಬುದು ಇವುಗಳ ಮೇಲೆ ಒಂದು ನಿರ್ದಿಷ್ಟ ಕೆಲಸದಲ್ಲಿ ಪಡೆದ ತರಬೇತಿ. ಕೆಲವು ಫೆಲೊಶಿಪ್‌ಗಳು ವರ್ಷಗಟ್ಟಲೆ ನಡೆಯುತ್ತವೆ, ಕೆಲವು ವಾರಗಳಲ್ಲಿ ಮುಗಿಯುತ್ತವೆ. ಮೂಲ ಪದವಿಯೇ ಇಲ್ಲದೆ ಫೆಲೊಶಿಪ್‌ಗಳಷ್ಟೇ ಇದ್ದರೆ ಅದು ಅಡಿಪಾಯವಿಲ್ಲದ ಮಹಡಿ. ಭೌತಚಿಕಿತ್ಸಕರ ಪದವಿ ಬೇರೆ, ಅವರ ಕೆಲಸ ಶಸ್ತ್ರಚಿಕಿತ್ಸೆಯ ಅನಂತರ ಬಹಳ ಮುಖ್ಯ, ಆದರೆ ಅವರು ಶಸ್ತ್ರವೈದ್ಯರಲ್ಲ. ಪಟ್ಟಿಯಲ್ಲಿ ಎಂಬಿಬಿಎಸ್ ಮಾತ್ರ ಕಂಡು ಎಂಎಸ್ ಕಾಣದಿದ್ದರೆ ತಕ್ಷಣ ತೀರ್ಪು ಕೊಡಬಾರದು. ಹೆಚ್ಚುವರಿ ಪದವಿಯನ್ನು ಪ್ರತ್ಯೇಕವಾಗಿ ದಾಖಲಿಸಬೇಕಾಗುತ್ತದೆ. ಅದನ್ನು ಆ ರಾಜ್ಯದ ಪರಿಷತ್ತಿನಲ್ಲಿಯೇ ಕೇಳಿ ತಿಳಿಯಬೇಕು.

ಗಡಿಯ ಜನರಾದ ನಮಗೆ ಇನ್ನೊಂದು ತೊಡಕಿದೆ. ಮದ್ರಾಸ್ ವೈದ್ಯಕೀಯ ನೋಂದಣಿ ಕಾಯಿದೆ 1914ರಲ್ಲಿ ಬಂದಾಗ ನೀಲಗಿರಿ, ಮಲಬಾರಿನ ವಯನಾಡು, ದಕ್ಷಿಣ ಕನ್ನಡದೊಳಗಿನ ಕಾಸರಗೋಡು, ಕೊಯಮತ್ತೂರಿಗೆ ಸೇರಿದ್ದ ಕೊಳ್ಳೇಗಾಲ, ಎಲ್ಲವೂ ಒಂದೇ ಮದ್ರಾಸ್ ಪ್ರಾಂತದಲ್ಲಿದ್ದವು. ವೈದ್ಯರ ಹೆಸರಿನ ಪುಸ್ತಕವೂ ಒಂದೇ. 1956ರ ಅನಂತರ ನಾವು ಮೂರು ರಾಜ್ಯಗಳಲ್ಲಿ ಹಂಚಿಹೋದೆವು, ಪುಸ್ತಕಗಳೂ ಮೂರಾದವು. ಚೇರಂಬಾಡಿಯ ರೋಗಿ ಬೆಳಿಗ್ಗೆ ತಮಿಳುನಾಡಿನಲ್ಲಿ ಎಕ್ಸ್-ರೇ ತೆಗೆಸಿ, ಮಧ್ಯಾಹ್ನ ಕೇರಳದಲ್ಲಿ ಸಲಹೆ ಕೇಳಿ, ಸಂಜೆ ಕರ್ನಾಟಕದಲ್ಲಿ ಆಸ್ಪತ್ರೆ ಸೇರುತ್ತಾನೆ. ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದ ಕಾಸರಗೋಡಿನವರಿಗೂ ಇದು ಗೊತ್ತು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಅಲ್ಲಿನ ರೋಗಿಗಳ ಪಾಡು ಹೈಕೋರ್ಟಿನವರೆಗೆ ಹೋದದ್ದನ್ನು ನಾವಾರೂ ಮರೆತಿಲ್ಲ. ಆದ್ದರಿಂದ ಒಂದು ರಾಜ್ಯದ ಪಟ್ಟಿಯಲ್ಲಿ ಹೆಸರಿಲ್ಲವೆಂದು ನಿಲ್ಲಿಸದೆ ಪಕ್ಕದ ರಾಜ್ಯದ ಪಟ್ಟಿಯನ್ನೂ ರಾಷ್ಟ್ರೀಯ ಪಟ್ಟಿಯನ್ನೂ ನೋಡಬೇಕು.

ಬೆಳಗಿನ ಜಾವ ಆಂಬುಲೆನ್ಸಿನಲ್ಲಿ ಹೊರಟೆವು. ಕೊಯಮತ್ತೂರಿನಲ್ಲಿಯೂ ಕೋಯಿಕ್ಕೋಡಿನಲ್ಲಿಯೂ ಒಳ್ಳೆಯ ಆಸ್ಪತ್ರೆಗಳಿವೆ. ಆದರೂ ಮೈಸೂರನ್ನು ಆರಿಸಿದವರು ತಾಯಿ. "ನೋವು ಎಲ್ಲಿ ಅಂತ ಕೇಳಿದ್ರೆ ನಾನು ಯಾವ ಭಾಷೇಲಿ ಹೇಳ್ಲಿ ಮಗ?" ಎಂದಿದ್ದರು. ಬಂಡೀಪುರದ ರಸ್ತೆ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನಗಳಿಗೆ ಮುಚ್ಚಿರುತ್ತದೆ. ಆಂಬುಲೆನ್ಸಿಗೆ ಆ ತಡೆಯಿಲ್ಲ. ಗೂಡಲೂರು ದಾಟಿ, ತೆಪ್ಪಕಾಡು ದಾಟಿ, ಮಳೆಯಲ್ಲಿ ನಿಧಾನವಾಗಿ ಸಾಗಿದೆವು. ಪ್ರತಿ ಉಬ್ಬಿನಲ್ಲಿಯೂ ತಾಯಿ ನನ್ನ ಮುಂಗೈಯನ್ನು ಹಿಡಿದು ಒತ್ತುತ್ತಿದ್ದರು, ಬಾಯಿಬಿಟ್ಟು ನರಳಲಿಲ್ಲ.

ಮೈಸೂರಿನ ವೈದ್ಯರು ಐವತ್ತರ ಆಚೆಯವರು, ಹೆಚ್ಚು ಮಾತಿನವರಲ್ಲ. ನಾನು ನೋಂದಣಿ ನೋಡಿಯೇ ಬಂದಿದ್ದೇನೆಂದು ಸಂಕೋಚದಿಂದ ಹೇಳಿದೆ. ಅವರು ನಗಲೂ ಇಲ್ಲ, ಮುನಿಯಲೂ ಇಲ್ಲ. "ಸರಿ. ಇನ್ನೇನು ತಿಳಿಯಬೇಕು, ಕೇಳಿ" ಎಂದರು. ಪುಸ್ತಕದಲ್ಲಿ ಹೆಸರಿರುವುದು ವೃತ್ತಿ ಮಾಡುವ ಹಕ್ಕನ್ನು ಹೇಳುತ್ತದೆಯೇ ಹೊರತು ಕೈಯ ನೈಪುಣ್ಯವನ್ನಲ್ಲ ಎಂಬುದು ನನಗೆ ತಿಳಿದಿತ್ತು. ನಮ್ಮ ವೃತ್ತಿಯಲ್ಲಿಯೂ ಹಾಗೆಯೇ. ಆದ್ದರಿಂದ ಬರೆದುಕೊಂಡು ಹೋಗಿದ್ದನ್ನು ಒಂದೊಂದಾಗಿ ಕೇಳಿದೆ. ಶಸ್ತ್ರಚಿಕಿತ್ಸೆಯನ್ನು ನೀವೇ ಮಾಡುತ್ತೀರಾ? ಇದನ್ನು ಎಷ್ಟು ದಿನಗಳಿಗೊಮ್ಮೆ ಮಾಡುತ್ತೀರಿ? ಅರಿವಳಿಕೆ ಕೊಡುವವರು ಯಾರು, ಹೃದಯದ ಪರೀಕ್ಷೆ ಯಾವಾಗ? ಒಳಗೆ ಕೂರಿಸುವ ಲೋಹದ ಕೀಲು ಯಾವ ಕಂಪನಿಯದು, ಅದರ ಚೀಟಿಯನ್ನು ದಾಖಲೆಗೆ ಅಂಟಿಸಿ ಕೊಡುತ್ತೀರಾ? ನಾವು ದೂರದವರು, ಮನೆಗೆ ಹೋದ ಮೇಲೆ ತೊಂದರೆಯಾದರೆ ಯಾರನ್ನು ಕೇಳಬೇಕು?

ಎಲ್ಲಕ್ಕೂ ಉತ್ತರ ಬಂತು. ತಾವೇ ಮಾಡುವುದಾಗಿ, ವಾರಕ್ಕೆ ಒಂದೆರಡಾದರೂ ಇಂಥವು ಇರುತ್ತವೆಂದು, ಮುರಿದ ತಲೆಯನ್ನು ತೆಗೆದು ಅರ್ಧ ಕೀಲು ಕೂರಿಸುವುದಾಗಿ ಎಕ್ಸ್-ರೇಯ ಮೇಲೆ ಬೆರಳಿಟ್ಟು ತೋರಿಸಿದರು. ಕೊನೆಗೆ ಅವರಾಗಿಯೇ ಒಂದು ಮಾತು ಸೇರಿಸಿದರು: "ಈ ವಯಸ್ಸಿನಲ್ಲಿ ಸೊಂಟ ಮುರಿದವರೆಲ್ಲ ಮೊದಲಿನಂತೆ ನಡೆಯುತ್ತಾರೆ ಎಂದು ನಾನು ಹೇಳುವುದಿಲ್ಲ. ಅಪಾಯ ಇದೆ. ಮಾಡದೆ ಬಿಟ್ಟರೆ ಅದಕ್ಕಿಂತ ಹೆಚ್ಚು ಅಪಾಯ." ನನಗೆ ಧೈರ್ಯ ಬಂದದ್ದು ಪಟ್ಟಿಯಲ್ಲಿನ ಹೆಸರಿಗಿಂತ ಈ ಮಾತಿನಿಂದ.

ತಾಯಿ ತಮ್ಮದೇ ರೀತಿಯಲ್ಲಿ ಪರಿಶೀಲನೆ ನಡೆಸಿದರು. "ನಿಮ್ದು ಯಾವೂರು ಸ್ವಾಮಿ?" ಎಂದು ಕೇಳಿದರು. ವೈದ್ಯರು ನಂಜನಗೂಡಿನ ಕಡೆಯ ಹಳ್ಳಿಯೊಂದರ ಹೆಸರು ಹೇಳಿದರು. ಅಲ್ಲಿಗೆ ತಮ್ಮ ಚಿಕ್ಕಮ್ಮನನ್ನು ಕೊಟ್ಟಿತ್ತು ಎಂದು ತಾಯಿ ಹೇಳಿ, ಯಾರ ಮನೆ, ಕೆರೆಯ ಮೇಲಿನ ಕೇರಿಯೇ ಕೆಳಗಿನ ಕೇರಿಯೇ ಎಂದು ವಿಚಾರಿಸಿ, ಆಮೇಲೆ ತಲೆಯನ್ನು ದಿಂಬಿಗೆ ಒರಗಿಸಿ, "ಆಯ್ತು, ಮಾಡ್ಲಿ" ಎಂದರು.

ಒಪ್ಪಿಗೆಯ ಪತ್ರ ಇಂಗ್ಲಿಷಿನಲ್ಲಿತ್ತು. ರೋಗಿಗೆ ತಿಳಿಯುವಂತೆ ಹೇಳದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂಬುದು 2008ರ ಸಮೀರಾ ಕೊಹ್ಲಿ ತೀರ್ಪಿನ ಸಾರ. ಮಗನೇ ಸಹಿ ಮಾಡಿದರೆ ಸಾಕು ಎಂದು ದಾದಿ ಹೇಳಿದರೂ, ಒಪ್ಪಿಗೆ ತಾಯಿಯದಾಗಬೇಕು ಎಂದೆ. ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ತಾಯಿ ಮಲಗಿದಲ್ಲಿಯೇ ಕನ್ನಡಕ ಹಾಕಿಕೊಂಡು, ರಟ್ಟಿನ ಮೇಲೆ ಕಾಗದವಿಟ್ಟು, ಮೂರು ಅಕ್ಷರದ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದರು. ಮದುವೆಯಾಗಿ ಬಂದ ಮೇಲೆ ಬರೆಯಲು ಕಲಿಸಿದವರು ತಂದೆ.

ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆಯಾಯಿತು. ಅದರ ಮಾರನೆಯ ದಿನ ಇಬ್ಬರು ಹಿಡಿದು ನಿಲ್ಲಿಸಿದರು. ಕಾಗದಗಳನ್ನೆಲ್ಲ ಕೇಳಿ ಪಡೆದೆ. ವೈದ್ಯಕೀಯ ದಾಖಲೆಯನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂಬುದೂ 2002ರ ಅದೇ ನಿಯಮಗಳಲ್ಲಿದೆ. ತಾಯಿ ಈಗ ನಾಲ್ಕು ಕಾಲಿನ ವಾಕರು ಹಿಡಿದು ಜಗಲಿಯವರೆಗೆ ಬರುತ್ತಾರೆ. ಹಿತ್ತಲಿನ ಕಲ್ಲಿನ ಕಡೆ ಹೋಗಲು ಬಿಟ್ಟಿಲ್ಲ. ಮೊದಲಿನಂತೆ ನಡೆಯುವುದಿಲ್ಲ, ವೈದ್ಯರು ಸುಳ್ಳು ಹೇಳಿರಲಿಲ್ಲ.

ಆಸ್ಪತ್ರೆಯಿಂದ ಮರಳುವ ಹಿಂದಿನ ರಾತ್ರಿ ತಾಯಿ ನಿದ್ದೆ ಬಾರದೆ ಸೂರು ನೋಡುತ್ತ ಮಲಗಿದ್ದರು. ಇದ್ದಕ್ಕಿದ್ದಂತೆ, "ನಿಮ್ಮಪ್ಪನ ಕೈಗೂ ಹಿಂಗೇ ಕೇಳ್ಬೇಕಿತ್ತು ಕಣೋ" ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಆಗ ನಮಗೆ ಗೊತ್ತಿರಲಿಲ್ಲ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಗೊತ್ತಿತ್ತು. ನಾನು ಪೂನಂ ವರ್ಮಾ ತೀರ್ಪನ್ನು ಓದಿದ್ದೆ, ಪರಿಷತ್ತಿನ ಪುಸ್ತಕ ಇದೆಯೆಂದೂ ತಿಳಿದಿತ್ತು. ತಂದೆಯ ಕೈ ಎಂದಾಗ ನಾನು ವಕೀಲನೆಂಬುದನ್ನು ಮರೆತು ಗಾಬರಿಯ ಮಗನಾಗಿಬಿಟ್ಟೆ. ಗಾಬರಿಯ ಹೊತ್ತಿನಲ್ಲಿ ಎಲ್ಲರೂ ಹಾಗೆಯೇ. ಆದ್ದರಿಂದಲೇ ಸಮೀಪದ ಒಬ್ಬಿಬ್ಬರು ಮೂಳೆ ವೈದ್ಯರ ಹೆಸರನ್ನು ಕಾಲು ಗಟ್ಟಿಯಾಗಿರುವಾಗಲೇ ಪರಿಶೀಲಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಮಳೆ, ನಮ್ಮ ಪಾಚಿ, ನಮ್ಮ ಮೆಟ್ಟಿಲುಗಳು ಯಾರನ್ನೂ ಬಿಡುವುದಿಲ್ಲ.

ತಂದೆ ತೀರಿಕೊಳ್ಳುವ ಮುಂಚೆ ಮನೆಯನ್ನು ತಾಯಿಯ ಹೆಸರಿಗೆ ಬರೆದುಕೊಟ್ಟರು. ಪತ್ರವನ್ನು ಸಿದ್ಧಪಡಿಸಿದವನು ನಾನೇ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತರು ಪೆನ್ನನ್ನು ಮುಂದೆ ಹಿಡಿದಾಗ ತಂದೆ ಬಲಗೈಯನ್ನು ಶಾಲಿನೊಳಗೆ ಸೇರಿಸಿ ಎಡಗೈ ಚಾಚಿದರು. ಆ ಪತ್ರ ನನ್ನ ಬೀರುವಿನಲ್ಲಿದೆ. ತಾಯಿಯ ಆಸ್ಪತ್ರೆಯ ಕಾಗದಗಳನ್ನು ಇಡಲು ಹೋದಾಗ ಮತ್ತೆ ಕಣ್ಣಿಗೆ ಬಿತ್ತು. ಪ್ರತಿ ಪುಟದ ಕೆಳಗೂ ಹೆಬ್ಬೆಟ್ಟಿನ ನೀಲಿ ಗುರುತು. ಅದರ ಪಕ್ಕದಲ್ಲಿ, ಅಕ್ಷರ ಬಾರದವರಿಗೆ ಬರೆಯುವ ಪದ್ಧತಿಯಂತೆ, ಇದು ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು ಎಂಬ ಒಕ್ಕಣೆ. ಅದು ನನ್ನ ಕೈಬರಹ.